ಹಾಲಿನ ಕ್ಯಾನ್ ಸ್ಟ್ಯಾಂಡಿಗೆ ಲಗೇಜು ಕಟ್ಟಿ ಚಾರ್ಮಾಡಿ ಇಳಿದ ನನ್ನ ಅನುಭವ

150 ಸಿಸಿ ಪಲ್ಸರ್, ಮೇಲೆ ನಾವಿಬ್ಬರು, ಜೊತೆಗೆ ಮೂರು ದಿನದ ಬಟ್ಟೆಬರೆ. ತುಮಕೂರಿನಿಂದ ಅರಸೀಕೆರೆ, ಬೇಲೂರು, ಚಾರ್ಮಾಡಿ ಇಳಿದು ಉಜಿರೆ. ಬರುವಾಗ ಶಿರಾಡಿ ಹತ್ತಿ ಹಾಸನ, ಕುಣಿಗಲ್ ಮೇಲೆ ಮನೆ. ಹೆಚ್ಚುಕಡಿಮೆ 600 ಕಿ.ಮೀ. ಈ ಗಾಡಿಯಲ್ಲಿ ಆಗಲ್ಲ ಅಂದವರೇ ಜಾಸ್ತಿ. ಆಯ್ತು. ದಾರಿಯಲ್ಲಿ ಹಗ್ಗ ಬಿಗಿ ಮಾಡಲು ಅಂತ ಒಂದು ಸಲವೂ ಗಾಡಿ ನಿಲ್ಲಿಸಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಬುಲೆಟ್ ಗೆಳೆಯರ ಸಲಹೆ ಒಂದೇ: "ಮೊದಲು ದೊಡ್ಡ ಗಾಡಿ ತಗೋ." ಅದಾದ ಮೇಲೆ ರ‍್ಯಾಕ್ ಸಮೇತ ಪೆಟ್ಟಿಗೆಗಳು. ಬೆಂಗಳೂರಿನ ಅಂಗಡಿಯಲ್ಲಿ ವಿಚಾರಿಸಿದೆ, 18ರಿಂದ 20 ಸಾವಿರ ಅಂದರು. ನನ್ನ ಗಾಡಿ ಮಾರಿದರೇ 30 ಸಾವಿರ ಬಂದರೆ ಹೆಚ್ಚು. ವರ್ಷಕ್ಕೆ ಎರಡು ಮೂರು ಲಾಂಗ್ ವೀಕೆಂಡ್ ಸಿಗುವ ಸಂಸಾರಿಗೆ ಆ ಲೆಕ್ಕ ಹೊಂದುವುದಿಲ್ಲ, ಅಲ್ವಾ?

ಹಾಗಂತ ಅಗ್ಗದ ದಾರಿ ನೋಡದೆ ಬಿಟ್ಟವನಲ್ಲ. ಮೊದಲು ಸೀಟಿನ ಮೇಲೆ ಅಡ್ಡ ಹಾಕುವ ಸ್ಯಾಡಲ್ ಬ್ಯಾಗ್ ತರಿಸಿದೆ. ಸುಮಾರು 3 ಸಾವಿರ. ನೋಡಲು ಚೆನ್ನಾಗಿಯೇ ಇತ್ತು. ನಿಟ್ಟೂರು ದಾಟುವ ಹೊತ್ತಿಗೆ ಸುಟ್ಟ ವಾಸನೆ. ಬಲಗಡೆಯ ಬ್ಯಾಗ್ ಜಾರಿ ಸೈಲೆನ್ಸರ್ ಮೇಲೆ ಕೂತಿತ್ತು. ತಳದಲ್ಲಿ ಅಂಗೈ ಅಗಲದ ತೂತು, ಒಳಗೆ ನನ್ನಾಕೆಯ ಹೊಸ ಚೂಡಿದಾರದ ತೋಳು ಕರಗಿ ಪ್ಲಾಸ್ಟಿಕ್ ಜೊತೆ ಅಂಟಿಕೊಂಡಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅವಳ ಕಾಲಿನದು. ಬ್ಯಾಗ್ ಮೀನಖಂಡವನ್ನು ಮುಂದಕ್ಕೆ ನೂಕಿ ನೂಕಿ ಅವಳ ಮಂಡಿ ನನ್ನ ಸೊಂಟಕ್ಕೆ ಚುಚ್ಚುತ್ತಿತ್ತು.

ಆಮೇಲೆ ಹಿಂದೆ ಕಟ್ಟುವ ಟೇಲ್ ಬ್ಯಾಗ್, 2,200ರ ಆಸುಪಾಸು. ಅವಳ ಹಿಂದೆ ಉಳಿಯುವುದೇ ಒಂದು ಗೇಣು ಜಾಗ. ಹಾಗಾಗಿ ತೂಕವೆಲ್ಲ ಹಿಂದಿನ ಚಕ್ರದ ಅಚ್ಚಿನಿಂದ ಆಚೆ, ಅದೂ ಎತ್ತರದಲ್ಲಿ. ಶಿರಾ ರೋಡಿನಲ್ಲಿ 60 ದಾಟಿದರೆ ಮುಂದಿನ ಚಕ್ರ ಹಗುರ. ಲಾರಿ ಪಕ್ಕದಲ್ಲಿ ಹಾದರೆ ಹ್ಯಾಂಡಲ್ ನಡುಗುತ್ತಿತ್ತು. ಹಿರಿಯೂರಿನಿಂದ ವಾಪಸ್ ಬಂದುಬಿಟ್ಟೆವು.

ಇನ್ನು ಎಲ್ಲರೂ ಮಾಡುವುದು, ಹಿಂದೆ ಕೂತವರ ಬೆನ್ನಿಗೆ ಬ್ಯಾಗ್. ಖರ್ಚಿಲ್ಲ ನಿಜ. ಅರ್ಧ ದಾರಿಯಲ್ಲಿ ನನ್ನಾಕೆ ಕೇಳಿದಳು, "ರೀ, ಲಗೇಜು ಗಾಡಿ ಹೊರಬೇಕೋ ನಾನು ಹೊರಬೇಕೋ?" ಅಲ್ಲಿಗೆ ಆ ವಿಧಾನವೂ ಮುಗಿಯಿತು.

ಉಪಾಯ ಹೊಳೆದಿದ್ದು ಮಾವನ ಮನೆಯಲ್ಲಿ. ಅವರು ಗುಬ್ಬಿ ಕಡೆಯವರು. ಅಲ್ಲಿ ಬೆಳಗ್ಗೆ ಆರಕ್ಕೆಲ್ಲ ಹಾಲಿನವರ ಬೈಕುಗಳ ಸದ್ದು. ಎರಡೂ ಕಡೆ ಒಂದೊಂದು 40 ಲೀಟರಿನ ಕ್ಯಾನು. ಹಾಲು ತುಂಬಿದರೆ ಎರಡೂ ಸೇರಿ 80 ಕೆ.ಜಿ. ಮೇಲೆ. ಅದೂ ಮಣ್ಣು ರೋಡಿನಲ್ಲಿ, ಮಳೆಯಲ್ಲಿ, ವರ್ಷವಿಡೀ. ಬೀಳುವುದು ಅಪರೂಪ. ಬಗ್ಗಿ ನೋಡಿದೆ. ಕ್ಯಾನಿನ ತಳ ಚಕ್ರದ ಅಚ್ಚಿನ ಮಟ್ಟದಲ್ಲಿದೆ. ತೂಕ ಕೆಳಗೆ, ಆದಷ್ಟು ಮುಂದೆ. ನಾವು ದುಡ್ಡು ಕೊಟ್ಟು ತಂದ ಬ್ಯಾಗುಗಳೆಲ್ಲ ಇದಕ್ಕೆ ತದ್ವಿರುದ್ಧ.

"ಏನ್ ಅಳಿಯಂದ್ರೇ, ನೀವೂ ಡೇರಿಗೆ ಹಾಲು ಹಾಕಕ್ಕೆ ಹೊಂಟ್ರಾ?" ಅಂತ ಮಾವ ನಕ್ಕರು. ಬಾಮೈದ ಊರೆಲ್ಲ ಹೇಳಿಕೊಂಡು ಬಂದ.

ಗುಜರಿಯಲ್ಲಿ ಕ್ಯಾನ್ ಕೂರಿಸುವ ಹಳೇ ಕಬ್ಬಿಣದ ಸ್ಟ್ಯಾಂಡ್ 400 ರೂಪಾಯಿಗೆ ಸಿಕ್ಕಿತು. ಹಾಗೇ ಹಾಕಿದರೆ ಉಪಯೋಗವಿಲ್ಲ. ಹಾಲಿನವರು ಒಬ್ಬರೇ ಕೂರುತ್ತಾರೆ. ಅವರ ಕ್ಯಾನ್ ಇರುವ ಜಾಗದಲ್ಲೇ ನಮಗೆ ಹಿಂದಿನವರ ಕಾಲು ಇರಬೇಕು. ಅಂತರಸನಹಳ್ಳಿ ಕಡೆ ಒಂದು ವೆಲ್ಡಿಂಗ್ ಶಾಪಿಗೆ ಗಾಡಿ ಸಮೇತ ಹೋದೆ, ಅವಳನ್ನೂ ಕರೆದುಕೊಂಡು. ಇದು ಮುಖ್ಯ. ಅವಳು ಸೀಟಿನ ಮೇಲೆ ಎರಡೂ ಕಡೆ ಕಾಲು ಹಾಕಿ ಕೂತಳು. ಹಿಮ್ಮಡಿಯಿಂದ ನಾಲ್ಕು ಬೆರಳು ಹಿಂದಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಎಳೆದೆವು. ಸ್ಟ್ಯಾಂಡ್ ಅಲ್ಲಿಂದ ಶುರು. ಅಗಲ ಕತ್ತರಿಸಿ ಒಂದು ಕಡೆಗೆ 9 ಇಂಚಿಗೆ ಇಳಿಸಿದೆವು. ಬಲಗಡೆ ತಳದ ಪಟ್ಟಿಯನ್ನು ಸೈಲೆನ್ಸರಿನಿಂದ ನಾಲ್ಕು ಬೆರಳು ಮೇಲಕ್ಕೆತ್ತಿ ಕೆಳಗೆ ತಗಡು ಹೊಡೆಸಿದೆವು. ಎಡಗಡೆ ಸೀರೆ ಗಾರ್ಡ್ ಬಿಚ್ಚಲೇಬೇಡಿ. ಬ್ಯಾಗ್ ಚಕ್ರಕ್ಕೆ ಒರಗದಂತೆ ಅದೇ ತಡೆಯುತ್ತದೆ.

ಹಿಡಿತ ಮೂರು ಕಡೆ: ಶಾಕ್ ಅಬ್ಸಾರ್ಬರಿನ ಮೇಲಿನ ಬೋಲ್ಟು, ಹಿಂದಿನ ಹಿಡಿಕೆಯ ಬೋಲ್ಟು, ಹಿಂದಿನ ಫುಟ್‌ರೆಸ್ಟ್ ಬ್ರಾಕೆಟ್ಟು. ಮೊದಲ ಸಲ ವೆಲ್ಡಿಂಗಿನವನು ಬರೀ ಎರಡೇ ಕಡೆ ಹಿಡಿಸಿದ್ದ. ಒಂದು ವಾರದಲ್ಲಿ ಬೆಸುಗೆ ಬಿರುಕು ಬಿಟ್ಟಿತು. ಕಬ್ಬಿಣಕ್ಕೂ ಗಾಡಿಗೂ ನಡುವೆ ಏನು ಹಾಕಿದರೆ ನಡುಕ ತಿನ್ನುತ್ತದೆ ಅನ್ನುವುದು ಮಾತ್ರ ಇಲ್ಲಿ ಹೇಳುವುದಿಲ್ಲ. ಅದನ್ನು ಕಂಡುಹಿಡಿಯಲು ನಾನು ಮೂರು ಥರದ ರಬ್ಬರ್ ಹಾಳು ಮಾಡಿದ್ದೇನೆ. ನೀವೂ ಸ್ವಲ್ಪ ಹಾಳು ಮಾಡಿ.

ವೆಲ್ಡಿಂಗಿಗೆ 900, ಬಣ್ಣಕ್ಕೆ 150.

ಬ್ಯಾಗಿಗಿಂತ ಮೊದಲು ಪೇಂಟ್ ಬಕೆಟ್ ಪ್ರಯೋಗವೂ ಆಯಿತು. ಮನೆಗೆ ಬಣ್ಣ ಹೊಡೆಸಿದಾಗ ಉಳಿದಿದ್ದ 20 ಲೀಟರಿನ ಬಕೆಟ್‌ಗಳು, ಗಟ್ಟಿ ಮುಚ್ಚಳ. ನೀರು ಒಂದು ಹನಿ ಒಳಗೆ ಹೋಗುವುದಿಲ್ಲ. ದುಡ್ಡೂ ಇಲ್ಲ. ಆದರೆ ಬಕೆಟ್ ದುಂಡಗಿದೆ, ಒಂದಡಿ ಅಗಲ. ಎರಡೂ ಸೇರಿದರೆ ಹ್ಯಾಂಡಲಿಗಿಂತ ಆಚೆ ಬರುತ್ತದೆ. ಬಿ.ಎಚ್. ರಸ್ತೆಯಲ್ಲಿ ನಿಂತಿದ್ದ ಒಂದು ಸ್ಕೂಟರಿನ ಕನ್ನಡಿ ಹೋಯಿತು, 250 ದಂಡ. ಜೊತೆಗೆ ಇಬ್ಬರು ಮೂವರು "ಅಣ್ಣಾ, ಸ್ಕ್ವೇರ್ ಫೀಟಿಗೆ ಎಷ್ಟು?" ಅಂತ ಕೇಳಿದರು. ಅವತ್ತಿನಿಂದ ನನ್ನ ನಿಯಮ: ಹ್ಯಾಂಡಲ್ ತೂರಿದ ಕಡೆ ಬ್ಯಾಗೂ ತೂರಬೇಕು. ಬಕೆಟ್ ಈಗ ಗಾಡಿ ತೊಳೆಯಲು ಇದೆ.

ಕೊನೆಗೆ ಲಾರಿ ಟಾರ್ಪಾಲ್ ಹೊಲಿಯುವವರ ಹತ್ತಿರ ಹೋದೆ. ಸ್ಟ್ಯಾಂಡಿನ ಅಳತೆಗೆ ಎರಡು ಚೌಕದ ಚೀಲ, ತಳಕ್ಕೆ ಎರಡು ಪದರ, ಬಾಯಿಗೆ ಮಡಚುವ ಮುಚ್ಚಳ, ಬಕಲ್ ಇರುವ ಬೆಲ್ಟು. ಎರಡಕ್ಕೂ ಸೇರಿ 1,100. ಒಳಗೆ ಗೊಬ್ಬರದ ಚೀಲದಲ್ಲಿ ಬರುವ ದಪ್ಪ ಪ್ಲಾಸ್ಟಿಕ್ ಕವರು, ಚೆನ್ನಾಗಿ ತೊಳೆದು ಒಣಗಿಸಿದ್ದು. ಟಾರ್ಪಾಲ್ ಹೊಲಿಗೆಯ ತೂತಿನಲ್ಲಿ ನೀರು ಇಳಿಯುತ್ತದೆ, ಕವರಿನಲ್ಲಿ ಇಳಿಯುವುದಿಲ್ಲ.

ಜಿಪ್ ಯಾಕೆ ಬೇಡ? ದೇವರಾಯನದುರ್ಗದ ಕೋತಿಗಳನ್ನು ಕೇಳಿ. ಹಳೇ ಟೇಲ್ ಬ್ಯಾಗಿನ ಜಿಪ್ಪನ್ನು ಒಂದು ಕೋತಿ ನಮ್ಮ ಕಣ್ಣೆದುರೇ ಎಳೆಯಿತು. ಅವಸರವೇನೂ ಇರಲಿಲ್ಲ ಅದಕ್ಕೆ. ಮೊದಲು ಟವೆಲ್ ತೆಗೆದು ಪಕ್ಕಕ್ಕಿಟ್ಟಿತು. ಆಮೇಲೆ ಸಾಕ್ಸು. ತಳದಲ್ಲಿದ್ದ ಕೋಡುಬಳೆ ಡಬ್ಬಿ ಸಿಕ್ಕಿದ ಮೇಲೆ ಮರ ಹತ್ತಿತು. ಬಕಲ್ ಬಿಚ್ಚುವುದನ್ನು ಅವು ಇನ್ನೂ ಕಲಿತಿಲ್ಲ.

ಟ್ರಯಲ್ಲಿಗೂ ಅದೇ ಬೆಟ್ಟ. ಊರಿಗೆ ಹತ್ತಿರ, ತಿರುವು ಬೇಕಾದಷ್ಟಿವೆ. ಬಟ್ಟೆ ಬದಲು ರಾಗಿ ತುಂಬಿಸಿದೆವು, ಒಂದು ಕಡೆಗೆ 10 ಕೆ.ಜಿ. ರಾಗಿಯ ಅನುಕೂಲ ಏನೆಂದರೆ ಅರ್ಧ ಸೇರು ಆ ಕಡೆಯಿಂದ ಈ ಕಡೆಗೆ ಹಾಕಿ ನೋಡಬಹುದು. ಎರಡೂ ಕಡೆ ಸಮ ಹಾಕಿದಾಗ ಗಾಡಿ ಬಲಕ್ಕೆ ಎಳೆಯಿತು. ಸೈಲೆನ್ಸರ್ ಇರುವುದರಿಂದ ಬಲಗಡೆಯ ಚೀಲ ಎರಡು ಇಂಚು ಆಚೆ ನಿಂತಿದೆ. ದೂರ ನಿಂತ ತೂಕ ಜಾಸ್ತಿ ಎಳೆಯುತ್ತದೆ. ಎಡಗಡೆ ಒಂದೂವರೆ ಕೆ.ಜಿ. ಹೆಚ್ಚು ಹಾಕಿದ ಮೇಲೆ ಸರಿಹೋಯಿತು. ಪರೀಕ್ಷೆ ಸುಲಭ: ಗಾಡಿ ನಿಲ್ಲಿಸುವ ಸ್ಟ್ಯಾಂಡ್ ಎತ್ತಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಹಿಡಿತ ಬೆರಳ ತುದಿಗೆ ತಂದು ನೋಡಿ. ಯಾವ ಕಡೆ ವಾಲುತ್ತದೆ ಅನ್ನುವುದು ಗೊತ್ತಾಗುತ್ತದೆ. ಆಚೆ ಒಬ್ಬರು ನಿಂತಿರಲಿ.

ಹೊರಟಿದ್ದು ಆಯುಧಪೂಜೆಯ ಮಾರನೇ ದಿನ. ಬಾಳೆಕಂದು ಬಿಚ್ಚಿದೆ, ಚೆಂಡುಹೂವಿನ ಹಾರವನ್ನೂ ತೆಗೆದೆ. ಕುಂಕುಮ ಮಾತ್ರ ಬಿಟ್ಟೆ. ಹಿಂದಿನ ರಾತ್ರಿಯೇ ಶಾಕ್ ಅಬ್ಸಾರ್ಬರ್ ಎರಡು ಹಲ್ಲು ಗಟ್ಟಿ ಮಾಡಿದ್ದೆ. ಗಾಳಿ ಇಬ್ಬರ ಲೆಕ್ಕಕ್ಕೆ, ಗಾಡಿಯ ಸ್ಟಿಕ್ಕರಿನಲ್ಲಿ ಇರುವಷ್ಟೇ. ಪಂಪಿನ ಹುಡುಗ ಸುಮ್ನೆ ಅಂದಾಜಿಗೆ ಹೊಡೆಯುತ್ತಾನೆ, ಗೇಜ್ ನೀವೇ ಒಯ್ಯಿರಿ. ಹೆಡ್‌ಲೈಟನ್ನು ಒಂದು ಚೂರು ಕೆಳಗಿಳಿಸಿ. ಹಿಂದೆ ಭಾರ ಕೂತರೆ ಬೆಳಕು ಆಕಾಶ ನೋಡುತ್ತದೆ, ಎದುರಿನವರು ಡಿಮ್-ಡಿಪ್ ಹೊಡೆದು ಬೈಯುತ್ತಾರೆ.

ತುಂಬುವ ಲೆಕ್ಕ ನನ್ನಾಕೆಯದು. ಎಡಗಡೆ ಟೂಲ್ಸು, ಪಂಕ್ಚರ್ ಕಿಟ್ಟು, ಚೈನ್ ಸ್ಪ್ರೇ, ಚಪ್ಪಲಿ, ನನ್ನ ಬಟ್ಟೆ. ಬಲಗಡೆ ಅವಳದು. ಬಿಸಿ ತಾಗುವ ಕಡೆ ತಿಂಡಿ, ಔಷಧಿ ಇಡುವುದಿಲ್ಲ. ಒಂದೊಂದು ಚೀಲ 8-9 ಕೆ.ಜಿ., ಅದಕ್ಕಿಂತ ಮೇಲಿಲ್ಲ. ಸೀಟಿನ ಹಿಂದೆ ಒಂದು ಸಣ್ಣ ಚೀಲ, 3 ಕೆ.ಜಿ. ಒಳಗೆ. ಅದರಲ್ಲಿ ಮಳೆ ಕೋಟು, ಪಂಚೆ, ಶಲ್ಯ. ದೇವಸ್ಥಾನದ ಮುಂದೆ ನಿಂತು ತಳದಿಂದ ಪಂಚೆ ಹುಡುಕುವ ಕಷ್ಟ ಬೇಡ. ಅದನ್ನು ಕಟ್ಟಿದ್ದು ಸೈಕಲ್ ಟ್ಯೂಬ್ ಸೀಳಿದ ಪಟ್ಟಿಯಲ್ಲಿ. ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗ, ಅಂದರೆ ಬಂಗಿ ಕಾರ್ಡಿಗೆ 400 ಕೊಟ್ಟಿದ್ದೆ, ಮೂರನೇ ಸಲಕ್ಕೇ ಸಡಿಲ. ಟ್ಯೂಬು ಪಂಕ್ಚರ್ ಅಂಗಡಿಯಲ್ಲಿ 20 ರೂಪಾಯಿ. ಮೇಲಾಗಿ ಕೊಕ್ಕೆ ಹಾರಿ ಕಣ್ಣಿಗೆ ಬಡಿಯುವ ಭಯವಿಲ್ಲ.

ಬೆಳಗ್ಗೆ ಐದಕ್ಕೆ ಬಿಟ್ಟೆವು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ನಮಗೆ ಉಲ್ಟಾ ದಾರಿ, ಹಾಗಾಗಿ ತಿಪಟೂರಿನಲ್ಲಿ ತಿಂಡಿ. ಯಾವ ಹೋಟೆಲ್ ಅಂತ ಹೇಳುವುದಿಲ್ಲ, ಈಗಲೇ ಅಲ್ಲಿ ಜಾಗ ಸಿಗಲ್ಲ. ವೇಗ 60-65. ಒಂದೂವರೆ ಗಂಟೆಗೊಮ್ಮೆ ಇಳಿದು ಕಾಲು ಆಡಿಸುವುದು. ಬಾಣಾವರ, ಜಾವಗಲ್ ಆದ ಮೇಲೆ ಹಳೇಬೀಡು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿವೆ. ರಜೆಯಲ್ಲಿ ಜನ ಕೇಳಬೇಕೇ? ಬ್ಯಾಗ್ ಬಿಟ್ಟು ಒಳಗೆ ಹೋಗುವುದು ಹೇಗೆ ಅನ್ನುವುದೇ ಬೈಕಿನವರ ದೊಡ್ಡ ಚಿಂತೆ. ಕ್ಯಾನಿನ ಸ್ಟ್ಯಾಂಡಿನ ಕಂಬಿಗೆ ಸೈಕಲ್ ಚೈನು ತೂರಿಸಿ, ಎರಡೂ ಹೆಲ್ಮೆಟ್ಟು, ಚೀಲದ ಬೆಲ್ಟು ಎಲ್ಲ ಸೇರಿಸಿ ಒಂದೇ ಬೀಗ. ಬೇಲೂರಿನಲ್ಲಿ ಎರಡು ಗಂಟೆ ನೆಮ್ಮದಿಯಾಗಿ ಗುಡಿ ನೋಡಿದೆವು. ನಿಜ ಹೇಳಬೇಕೆಂದರೆ, ಹಳೇ ಗೊಬ್ಬರದ ಚೀಲ ಇಣುಕುವ ಟಾರ್ಪಾಲನ್ನು ಕದಿಯಲು ಯಾರಿಗೂ ಮನಸ್ಸೂ ಬರುವುದಿಲ್ಲ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿಗೆ ಇಳಿದಾಗ ಮಂಜು, ಸಣ್ಣ ಮಳೆ. ಗಾಡಿ 145 ಕೆ.ಜಿ. ಹತ್ತಿರ, ನಾವಿಬ್ಬರು 130, ಲಗೇಜು 20. ಹಿಂದಿನದು ಡ್ರಮ್ ಬ್ರೇಕು. ಅದನ್ನೇ ತುಳಿದುಕೊಂಡು ಇಳಿದರೆ ಕಾದು ಹಿಡಿತ ಬಿಡುತ್ತದೆ. ಎರಡು-ಮೂರನೇ ಗೇರಿನಲ್ಲಿ ಇಂಜಿನ್ನೇ ಗಾಡಿ ಹಿಡಿಯಲಿ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ತಿರುವಿನಲ್ಲಿ ಮುಟ್ಟಬೇಡಿ. ಟೇಲ್ ಬ್ಯಾಗ್ ಇದ್ದಾಗ ತಿರುವಿನಲ್ಲಿ ಹಿಂಭಾಗ ಆಚೆ ಜೋಲಿ ಹೊಡೆದಂತೆ ಆಗುತ್ತಿತ್ತು. ಈ ಸಲ ಗಾಡಿ ಹಳಿ ಮೇಲೆ ಹೋದ ಹಾಗೆ ಹೋಯಿತು. ಒಂದು ಬಸ್ಸು ಮೈಗೆ ತಾಗುವಷ್ಟು ಹತ್ತಿರ ಹಾದಾಗ 9 ಇಂಚಿನ ಬೆಲೆ ಗೊತ್ತಾಯಿತು. ಉಜಿರೆ ಮುಟ್ಟಿದಾಗ ನನ್ನ ಶೂ ಒಳಗೆ ನೀರು, ಚೀಲದೊಳಗಿನ ಬಟ್ಟೆ ಗರಿಗರಿ.

ಎರಡನೇ ದಿನ ಧರ್ಮಸ್ಥಳ, ಸುಬ್ರಹ್ಮಣ್ಯ. ಆ ಎರಡು ಊರಿನ ರಜಾದಿನದ ರಶ್ ಬಗ್ಗೆ ಹೊಸದಾಗಿ ಹೇಳುವುದೇನಿದೆ? ಮೂರನೇ ದಿನ ಗುಂಡ್ಯದಿಂದ ಶಿರಾಡಿ. ರಸ್ತೆ ಕೆಲಸ ನಡೆಯುವ ಕಡೆ ಧೂಳು, ಗುಂಡಿ. ಸ್ಟ್ಯಾಂಡ್ ಅಲುಗಲಿಲ್ಲ. ಹಾಸನ ದಾಟಿದ ಮೇಲೆ ಆರಾಮ. ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನಿಗೆ ಕೈ ಮುಗಿದು, ಕುಣಿಗಲ್ ಮೇಲೆ ಕತ್ತಲಾಗುವ ಮೊದಲು ಮನೆ.

ಖರ್ಚು ನೆನಪಿದ್ದಷ್ಟು: ಪೆಟ್ರೋಲಿಗೆ 1,400-1,500, ಮೈಲೇಜ್ 42-43 ಬಂತು. ಎರಡು ರಾತ್ರಿ ರೂಮಿಗೆ 2,300. ಊಟ ತಿಂಡಿಗೆ 1,800 ಇರಬಹುದು. ಸ್ಟ್ಯಾಂಡು, ಚೀಲ, ಟ್ಯೂಬು, ರಬ್ಬರ್ ಎಲ್ಲ ಸೇರಿ 2,700 ದಾಟಿಲ್ಲ. ಅದಕ್ಕೆ ಮೊದಲು ಅಂಗಡಿಗಳಿಗೆ ಸುರಿದ ಐದೂವರೆ ಸಾವಿರವನ್ನು ನನ್ನಾಕೆ ಬೇರೆ ಖಾತೆಯಲ್ಲಿ ಬರೆದಿಟ್ಟಿದ್ದಾಳೆ.

ಒಂದು ಕೆಲಸ ಬಾಕಿ ಇದೆ. ಎಡಗಡೆಯ ಚೀಲದ ತಳಕ್ಕೆ ಚೈನಿನ ಎಣ್ಣೆ ಸಿಡಿದು ಮಸಿ ಹಿಡಿಯುತ್ತದೆ. ಕನ್ವೇಯರ್ ಬೆಲ್ಟಿನ ತುಂಡು ಅಡ್ಡ ಹೊಡೆಯಬೇಕು ಅಂತಿದ್ದೇನೆ. ಬುಲೆಟ್ ಗೆಳೆಯರಲ್ಲಿ ಇಬ್ಬರು ಈಗ ಸ್ಟ್ಯಾಂಡಿನ ಅಳತೆ ಕೇಳುತ್ತಿದ್ದಾರೆ. ನನ್ನ ಅಳತೆ ಅವರ ಗಾಡಿಗೆ ಕೂರುವುದಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಚಾಕ್‌ಪೀಸ್ ಹಿಡಿದು ವೆಲ್ಡಿಂಗ್ ಶಾಪಿಗೆ ಹೋಗಿ ಅಂದಿದ್ದೇನೆ. ಅಂದಹಾಗೆ ವೆಲ್ಡಿಂಗಿನವನು ಈಗ 1,500 ಕೇಳುತ್ತಾನಂತೆ.