ಈಡು ಹೊಡೆದ ರಾತ್ರೀನೇ ಪ್ಲಗ್ ಬಿಚ್ಚಬೇಕು

ಓಹಾಯೋದಲ್ಲಿ ಜನವರಿಯ ಮಜಲ್‌ಲೋಡರ್ ಸೀಸನ್, ಅಂದ್ರೆ ಬಾಯಿಂದ ಮದ್ದು ಗುಂಡು ತುಂಬೋ ಕೋವೀಲಿ ಜಿಂಕೆ ಬೇಟೆಯಾಡೋ ಅವಧಿ, ನಾಲ್ಕೇ ದಿನ. ಮೂರು ವರ್ಷದ ಹಿಂದೆ ಅದರಲ್ಲಿ ಎರಡನೇ ದಿನ, ಬೆಳಗಿನ ಜಾವ, ಹಿಮ ಬಿದ್ದಿದೆ, ಹೆಣ್ಣು ಜಿಂಕೆಯೊಂದು ನಲವತ್ತು ಗಜ ದೂರದಲ್ಲಿ ಅಡ್ಡ ನಿಂತಿದೆ. ಟ್ರಿಗರ್ ಒತ್ತಿದೆ, ಪಟ್ ಅಂತ ಮದ್ದಿಗೆ ಕಿಡಿ ಕೊಡೋ ಪ್ರೈಮರ್ ಸದ್ದು ಬಂತು ಅಷ್ಟೇ. ಮದ್ದು ಹತ್ತಲಿಲ್ಲ. ತಡವಾಗಿ ಹತ್ತಿಕೊಂಡುಬಿಟ್ರೆ ಅಂತ ನಳಿಗೆಯನ್ನ ಆ ಕಡೆಗೇ ಹಿಡ್ಕೊಂಡು ಒಂದು ನಿಮಿಷದ ಮೇಲೆ ಅಲ್ಲಾಡದೆ ಕೂತೆ, ಅಷ್ಟರಲ್ಲಿ ಜಿಂಕೆ ಹೋಗಿಯಾಗಿತ್ತು.

ಆಮೇಲೆ ಸುಟ್ಟ ಪ್ರೈಮರ್ ತೆಗೆದು, ನಳಿಗೆಯ ಹಿಂಬದಿ ಮುಚ್ಚೋ ತಿರುಪು, ಅಂದ್ರೆ ಬ್ರೀಚ್ ಪ್ಲಗ್, ಬಿಚ್ಚಿ, ಗಜದಿಂದ (ಈಡು ತುಂಬೋ ಕೋಲಿನಿಂದ) ಈಡನ್ನ ಹೊರಗೆ ತಳ್ಳಿ ನೋಡಿದ್ರೆ ಮದ್ದು ಒಣಗೇ ಇದೆ, ಗುಂಡೂ ಸರಿಯಾಗೇ ಕೂತಿತ್ತು. ಪ್ಲಗ್ಗನ್ನ ಬೆಳಕಿಗೆ ಹಿಡಿದೆ. ನಡುವೆ ಸೂಜಿ ಮೊನೆಯಷ್ಟು ಬೆಳಕು ಕಾಣ್ಬೇಕಿತ್ತು, ಏನೂ ಕಾಣಲಿಲ್ಲ. ಬೆಂಕಿ ಹೋಗೋ ತೂತು ಪೂರ್ತಿ ಕಟ್ಟಿಹೋಗಿತ್ತು. ಅಕ್ಟೋಬರಿನಿಂದ ಇಪ್ಪತ್ತಕ್ಕೂ ಜಾಸ್ತಿ ಈಡು ಹೊಡೆದಿದ್ದೆ, ಪ್ರತೀ ಸಲ ನಳಿಗೆಗೆ ಎರಡು ಪ್ಯಾಚ್ (ಒರೆಸೋ ಬಟ್ಟೆ ತುಂಡು) ಓಡಿಸಿ ಹೊಳೀತಿದೆ ಅಂತ ಒಳಗಿಟ್ಟಿದ್ದೆ, ಪ್ಲಗ್ ಮಾತ್ರ ಒಂದ್ಸಲಾನೂ ಬಿಚ್ಚಿರಲಿಲ್ಲ. ಮದ್ದಿನ ತಪ್ಪಲ್ಲ, ಕೋವಿ ತಪ್ಪೂ ಅಲ್ಲ, ತಪ್ಪು ನಂದೇ.

ಇದು ನನಗೆ ಗೊತ್ತಿರಬೇಕಿತ್ತು. ತೀರ್ಥಹಳ್ಳಿ ಕಡೆ ನಮ್ಮನೇಲಿ ಅಜ್ಜನ ಕೇಪಿನ ಕೋವಿ ಇತ್ತು, ಅದೂ ಬಾಯಿಂದ ತುಂಬೋದೇ, ಬೆಳೆ ರಕ್ಷಣೆ ಲೈಸೆನ್ಸಿಂದು, ಗದ್ದೆಗೆ ಹಂದಿ ಬಂದ್ರೆ ಹೆದರಿಸೋಕೆ. ರಾತ್ರಿ ಒಂದು ಈಡು ಹಾರಿಸಿದ್ರೂ ಸರಿ, ಬಚ್ಚಲು ಹಂಡೆಯಿಂದ ಬಿಸಿನೀರು ತಂದು ನಳಿಗೆಗೆ ಹೊಯ್ದು ಬಟ್ಟೆ ಸುತ್ತಿದ ಗಜದಲ್ಲಿ ಮೇಲೆ ಕೆಳಗೆ ಆಡಿಸೋರು, ಕೇಪಿಡೋ ತೂತಿಂದ ಕರೀ ನೀರು ಚಿಮ್ಮೋದು, ಕೊಳೆತ ಮೊಟ್ಟೆ ವಾಸನೆ ಮನೆಯೆಲ್ಲಾ. ನಾನು ನಿದ್ದೆಗಣ್ಣಲ್ಲಿ ನೋಡ್ತಾ ನಿಂತ್ರೆ "ಇದನ್ನ ಹಂಗೇ ಇಟ್ರೆ ಬೆಳಗಾಗೋದ್ರೊಳಗೆ ಬೆವರುತ್ತೆ ಕಣಾ" ಅನ್ನೋರು. ಬೆವರುತ್ತೆ ಅನ್ನೋ ಮಾತು ಎಷ್ಟು ಸರಿ ಅಂತ ಆಮೇಲೆ ಗೊತ್ತಾಯ್ತು. ಕರಿಮದ್ದು ಸುಟ್ಟ ಮೇಲೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಗಟ್ಟಿ ಕಿಟ್ಟವಾಗೇ ಉಳಿಯುತ್ತೆ, ಆ ಕಿಟ್ಟದಲ್ಲಿ ಪೊಟ್ಯಾಸಿಯಂ ಉಪ್ಪುಗಳೇ ತುಂಬಿರೋದು, ಅವು ಗಾಳಿಯ ಪಸೆಯನ್ನ ಎಳ್ಕೊಂಡು ಒದ್ದೆಯಾಗಿ ಕಬ್ಬಿಣ ತಿನ್ನುತ್ವೆ.

ಈಗಿನ ಇನ್‌ಲೈನ್ ಕೋವಿಗಳಲ್ಲಿ ಬಹಳ ಅನುಕೂಲ ಇದೆ, ನಂದೂ ಅಂಥದ್ದೇ. 1985ರಲ್ಲಿ ಮಿಸೌರಿಯ ಟೋನಿ ನೈಟ್ ಎಂಕೆ-85 ಮಾಡಿದ ಮೇಲೆ ಈ ಜಾತಿ ಕೋವಿ ಎಲ್ಲಾ ಕಡೆ ಹಬ್ಬಿತು. ಕೇಪಿನ ಕೋವೀಲಿ ಬೆಂಕಿ ಪಕ್ಕದಿಂದ ತಿರುಗಿ ಬರಬೇಕು, ಇದರಲ್ಲಿ ಮದ್ದಿನ ನೇರ ಹಿಂದಿನಿಂದ. ಪ್ಲಗ್ ಬಿಚ್ಚಿದ್ರೆ ನಳಿಗೆ ಎರಡೂ ಕಡೆ ಬಯಲು, ಅಜ್ಜನಿಗೆ ಆ ಸೌಕರ್ಯ ಇರಲಿಲ್ಲ. ಅಷ್ಟು ಸುಲಭ ಇದ್ದೂ ನಾನು ಬಿಚ್ಚಲಿಲ್ಲ ಅನ್ನೋದೇ ನನಗೆ ಇವತ್ತಿಗೂ ಬೇಜಾರು.

ಮದ್ದು ಯಾವುದು ಅನ್ನೋದರ ಮೇಲೆ ಕಿಟ್ಟ ಎಲ್ಲಿ ಕೂರುತ್ತೆ, ಯಾವುದಕ್ಕೆ ಬಿಡುತ್ತೆ ಎರಡೂ ಬದಲಾಗುತ್ತೆ. ಕರಿಮದ್ದಿನ ಬದಲು ಬಳಸೋ ಮೂರು ಮದ್ದು ನೋಡಿ. ಪೈರೋಡೆಕ್ಸ್‌ನಲ್ಲಿ ಪರ್ಕ್ಲೋರೇಟ್ ಇದೆ, ಸುಟ್ಟ ಮೇಲೆ ಉಳಿಯೋ ಕ್ಲೋರೈಡ್ ಉಪ್ಪು ತುಕ್ಕಿಗೆ ಬೇಗ ದಾರಿ ಮಾಡುತ್ತೆ, ಅವತ್ತೇ ತೊಳೀಬೇಕು. ಟ್ರಿಪಲ್ ಸೆವೆನ್‌ನಲ್ಲಿ ಗಂಧಕ ಇಲ್ಲ, ಮೊಟ್ಟೆ ವಾಸನೆ ಇಲ್ಲ, ಬರೀ ನೀರಿಗೇ ಬಿಡುತ್ತೆ, ಆದ್ರೆ ಗುಂಡು ಕೂರೋ ಜಾಗದ ಹತ್ತಿರ ಬಳೆ ಥರ ಗಟ್ಟಿ ಕಿಟ್ಟ ಕಟ್ಟುತ್ತೆ. ಬ್ಲಾಕ್‌ಹಾರ್ನ್ 209 ನೈಟ್ರೋಸೆಲ್ಯುಲೋಸ್ ಆಧಾರದ್ದು, ಒಂದರ ಹಿಂದೆ ಒಂದು ಹೊಡೀತಾ ಹೋದ್ರೂ ಮಧ್ಯ ಒರೆಸಬೇಕಾಗಿಲ್ಲ, ನಾನು ಬಳಸೋದು ಅದನ್ನೇ. ಅದರ ಕಿಟ್ಟ ನೀರಿಗೆ ಬಿಡಲ್ಲ, ಪ್ಲಗ್ಗಿನ ಒಳಗೆ ಕಲ್ಲಿನಂಥ ಇಂಗಾಲ ಕೂರುತ್ತೆ. ಅಂದ್ರೆ ನಳಿಗೆ ಕ್ಲೀನಾಗಿ ಕಂಡ್ರೆ ಕೋವಿ ಕ್ಲೀನು ಅಂತಲ್ಲ. ಮಾಮೂಲಿ ತೋಟಾದ ಸ್ಮೋಕ್‌ಲೆಸ್ ಪೌಡರ್ ಕಿಟ್ಟ ಕಡಿಮೆ ಅಂತ ಇದಕ್ಕೆ ಹಾಕೋ ಯೋಚನೆ ಯಾರೂ ಮಾಡಬೇಡಿ, ನಳಿಗೆ ಸಿಡಿದು ಕೈ ಕಣ್ಣು ಹೋಗುತ್ತೆ.

ಟ್ರಿಪಲ್ ಸೆವೆನ್ ಹಾಕ್ತಿದ್ದಾಗ ಈಡುಗಳ ನಡುವೆ ಒರೆಸೋದು ಕಲಿಯೋಕೆ ನನಗೆ ಒಂದು ಸೀಸನ್ನೇ ಬೇಕಾಯ್ತು. ಒದ್ದೆ ಪ್ಯಾಚ್ ಅಂದ್ರೆ ನೀರು ಸೋರೋ ಥರ ಅಲ್ಲ, ಉಗುಳು ಹಚ್ಚಿ ತೇವ ಆದ್ರೆ ಸಾಕು, ಜಾಸ್ತಿ ಒದ್ದೆ ಆದ್ರೆ ಕಿಟ್ಟ ಕೆಸರಾಗಿ ಕೆಳಗೆ ಪ್ಲಗ್ ಮೇಲೇ ಹೋಗಿ ಕೂರುತ್ತೆ. ಒಂದೇ ಏಟಿಗೆ ತಳದ ತನಕ ನೂಕಬಾರದು, ನಾಲ್ಕು ಬೆರಳು ಒಳಗೆ, ಎರಡು ಬೆರಳು ಹೊರಗೆ, ಹೀಗೆ ಸ್ವಲ್ಪ ಸ್ವಲ್ಪ ಇಳಿಸಿ, ತೆಗೆದು, ಮಗುಚಿ ಇನ್ನೊಂದು ಸಲ, ಆಮೇಲೆ ಒಣ ಪ್ಯಾಚ್ ಒಂದು. ಬಳೆ ಇರೋ ಜಾಗದಲ್ಲಿ ಕೈಗೆ ಗರಗರ ಅನ್ನುತ್ತೆ, ಅದು ಹೋಗೋ ತನಕ ಮುಂದಿನ ಗುಂಡು ಹಾಕಲ್ಲ. ಯಾಕಂದ್ರೆ ಗುಂಡು ಕಿಟ್ಟಕ್ಕೆ ಸಿಕ್ಕಿ ಮದ್ದಿನ ಮೇಲೆ ಪೂರ್ತಿ ಕೂರದೆ ಮಧ್ಯ ನಿಂತ್ರೆ, ಹಂಗೇ ಹೊಡೆದ್ರೆ, ನಳಿಗೆ ಉಬ್ಬಿ ಒಡೆಯೋ ಅಪಾಯ. ನನ್ನ ಗಜಕ್ಕೆ ಎರಡು ಗೆರೆ ಹಾಕಿದ್ದೀನಿ, ಒಂದು ಖಾಲಿ ನಳಿಗೆಗೆ, ಒಂದು ಈಡು ತುಂಬಿದ್ದಕ್ಕೆ. ಗೆರೆ ನಳಿಗೆ ಬಾಯಿಗೆ ಬರದೆ ಪ್ರೈಮರ್ ಮುಟ್ಟಲ್ಲ.

ಈಗ ರಾತ್ರಿ ಕೆಲಸ. ಗಜ ಇಳಿಸಿ ಖಾಲಿ ಅಂತ ಖಾತ್ರಿ ಮಾಡ್ಕೊಂಡು ಪ್ಲಗ್ ಬಿಚ್ಚಿ ಕಿಟ್ಟ ಕರಗಿಸೋ ನೈಟ್ರೋ ಸಾಲ್ವೆಂಟ್ ಇರೋ ಸಣ್ಣ ಬಾಟ್ಲಿಗೆ ಹಾಕಿಡ್ತೀನಿ, ಟ್ರಿಪಲ್ ಸೆವೆನ್ ಆದ್ರೆ ಪಾತ್ರೆ ತೊಳೆಯೋ ಸೋಪು ಹಾಕಿದ ಬಿಸಿನೀರು. ಅದು ನೆನೀತಿರುವಾಗ ನಳಿಗೆಗೆ ಹಿಂದಿನಿಂದ ಸಾಲ್ವೆಂಟ್ ಪ್ಯಾಚ್, ಕಂಚಿನ ಬ್ರಷ್, ಒಣ ಪ್ಯಾಚ್. ಗುಂಡಿಗೆ ತೊಡಿಸೋ ಪ್ಲಾಸ್ಟಿಕ್ ಕವಚ, ಸ್ಯಾಬೋ, ಕರಗಿ ನಳಿಗೆಯೊಳಗಿನ ಗೀರಿಗೆ ಮೆತ್ತಿರುತ್ತೆ, ಅದು ಬ್ರಷ್ ಇಲ್ಲದೆ ಬರಲ್ಲ. ಪ್ಲಗ್ಗಿನ ಪ್ರೈಮರ್ ಕಡೆಯ ಅಗಲ ದಾರಿಗೆ ನಂದರಲ್ಲಿ ಎಂಟನೇ ಒಂದು ಇಂಚಿನ ಡ್ರಿಲ್ ಬಿಟ್ ಸರಿಹೋಗುತ್ತೆ, ಮೆಷಿನ್ನಿಗೆ ಹಾಕದೆ ಬೆರಳಲ್ಲೇ ಮೆಲ್ಲಗೆ ತಿರುಗಿಸಿದ್ರೆ ಕಾಫಿಪುಡಿ ಥರ ಕರೀ ಪುಡಿ ಉದುರುತ್ತೆ. ಮುಂದಿನ ಸಣ್ಣ ತೂತಿಗೆ ಡ್ರಿಲ್ ಬೇಡವೇ ಬೇಡ, ಅಗಲ ಆದ್ರೆ ಪ್ಲಗ್ಗೇ ಹೋಯ್ತು, ಅಲ್ಲಿ ತೆಳು ತಂತಿ ಮಾತ್ರ. ಕೊನೆಗೆ ಥ್ರೆಡ್ಡನ್ನ ಹಳೇ ಟೂತ್ ಬ್ರಷ್ಷಲ್ಲಿ ತಿಕ್ಕಿ ಆ್ಯಂಟಿ-ಸೀಜ್ ಗ್ರೀಸ್ ಹಚ್ಚಿ ಕೈಯಲ್ಲೇ ತಿರುಗಿಸಿ ಕೂರಿಸ್ತೀನಿ. ಗ್ರೀಸ್ ಮರೆತು ಇಟ್ಟಿದ್ದ ಗೆಳೆಯರೊಬ್ಬರ ಪ್ಲಗ್ ಬಿಚ್ಚೋಕೆ ನಾವಿಬ್ಬರೂ ಒಂದು ಶನಿವಾರ ಪೂರ್ತಿ ಒದ್ದಾಡಿದ್ದೀವಿ.

ನಳಿಗೆಗೆ ತೆಳ್ಳಗೆ ಎಣ್ಣೆ ಹಾಕಿದ ಮಾರನೇ ದಿನ ಇನ್ನೊಂದು ಬಿಳೀ ಪ್ಯಾಚ್ ಓಡಿಸ್ತೀನಿ. ಕಂದು ಬಣ್ಣ ಬಂದ್ರೆ ಒಳಗೆ ಇನ್ನೂ ಉಪ್ಪಿದೆ ಅಂತ, ಮತ್ತೆ ಮೊದಲಿಂದ.

ಬೇಟೆಗೆ ಹೋಗೋ ಮುಂಚೆ ಎಣ್ಣೆ ಒರೆಸಿ ತೆಗೆದು, ಮದ್ದು ಹಾಕದೆ, ಗಜಕ್ಕೆ ಒಣ ಪ್ಯಾಚ್ ಸಿಕ್ಕಿಸಿ ತಳದ ತನಕ ಇಳಿಸಿ, ನಳಿಗೆಯನ್ನ ಯಾರೂ ಇಲ್ಲದ ಕಡೆ ತಿರುಗಿಸಿ ಒಂದು ಪ್ರೈಮರ್ ಮಾತ್ರ ಹೊಡೀತೀನಿ. ಪ್ಯಾಚ್ ಹೊರಗೆ ತೆಗೆದಾಗ ನಡುವೆ ಸುಟ್ಟ ಕಲೆ ಇದ್ರೆ ತೂತು ತೆರೆದಿದೆ. ಇನ್ನೊಂದು, ಕಾಡಿಂದ ಬಂದ ಮೇಲೆ ಈಡು ತುಂಬಿರೋ ಕೋವಿಯನ್ನ ಚಳಿಯಿಂದ ಬೆಚ್ಚಗಿನ ಮನೆಯೊಳಗೆ ತರಲ್ಲ, ಕನ್ನಡಕದ ಥರ ಲೋಹದ ಮೇಲೆ ನೀರು ಕಟ್ಟುತ್ತೆ. ಪ್ರೈಮರ್ ತೆಗೆದು ತಣ್ಣಗಿರೋ ಗ್ಯಾರೇಜಲ್ಲೇ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕ್ತೀನಿ.

ಹೋದ ಜನವರಿಯಲ್ಲಿ ಅದೇ ಕಾಡು, ಅದೇ ಕೋವಿ. ಹಿಂದಿನ ರಾತ್ರಿಯ ಪ್ಯಾಚ್ ಜೇಬಲ್ಲೇ ಇತ್ತು, ನಡುವೆ ಕಡಲೆಕಾಳಿನಷ್ಟು ಸುಟ್ಟ ಕಲೆ. ಟ್ರಿಗರ್ ಒತ್ತಿದ ಕೂಡ್ಲೇ ಹತ್ತಿತು. ಆವತ್ತು ರಾತ್ರಿ ಊಟಕ್ಕೆ ಮುಂಚೆ ಪ್ಲಗ್ ಬಾಟ್ಲಿಯಲ್ಲಿತ್ತು.