ಸಿಟ್ಟು ಮೊದಲು ಬೆರಳಿಗೆ ಬರುತ್ತೆ

ಬ್ಯಾಡ್ಮಿಂಟನ್ ಪಂದ್ಯದ ಮೂರನೇ ಗೇಮ್. 18-17, ಮುಂದಿದ್ದವಳು ನಾನು, ಸರ್ವಿಸ್ ಕೂಡ ನನ್ನದೇ. ಸರ್ವಿಸ್ ಜಡ್ಜ್ 'ಫಾಲ್ಟ್' ಅಂದರು. ಹೊಡೆಯುವಾಗ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಮೇಲಿತ್ತಂತೆ. 18-18. ಸಿಟ್ಟು ನೆತ್ತಿಗೇರಿ ರಾಕೆಟ್ಟನ್ನು ನೆಲಕ್ಕೆ ಬಡಿದೆ. ಮೊದಲನೇ ಗೇಮಿನಲ್ಲೇ ಒಂದು ಲೈನ್ ಕಾಲ್ ವಿಷಯಕ್ಕೆ ಅಂಪೈರ್ ಜೊತೆ ವಾದ ಮಾಡಿ ಹಳದಿ ಕಾರ್ಡ್ ತಗೊಂಡಿದ್ದೆ. ಆ ಎಚ್ಚರಿಕೆ ಪಂದ್ಯ ಮುಗಿಯುವವರೆಗೂ ಲೆಕ್ಕದಲ್ಲಿರುತ್ತೆ. ಮುಂದಿನ ತಪ್ಪಿಗೆ ಕೆಂಪು ಕಾರ್ಡ್, ಜೊತೆಗೆ ಎದುರಾಳಿಗೆ ಒಂದು ಪಾಯಿಂಟ್. ಶಟಲ್ ಮುಟ್ಟದೆಯೇ 18-19. ಪಂದ್ಯ 18-21ಕ್ಕೆ ಹೋಯಿತು.

ನನ್ನ ಕೋಚ್ ಸರ್ ಬೈಯಲಿಲ್ಲ. ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ, 'ಎಲ್ಲಿ, ಬಲಗೈ ತೋರಿಸಮ್ಮ' ಅಂದರು. ಅಂಗೈ ಮೇಲೆ ನಾಲ್ಕು ಉಗುರಿನ ಗುರುತು, ಕೆಂಪಗೆ, ಅರ್ಧಚಂದ್ರದ ಹಾಗೆ. ಪಂದ್ಯ ಮುಗಿದು ಮುಕ್ಕಾಲು ಗಂಟೆ ಆಗಿತ್ತು, ನಾನು ಇನ್ನೂ ಮುಷ್ಟಿ ಬಿಚ್ಚಿರಲಿಲ್ಲ. 'ಈ ಕೈಲಿ ನೆಟ್ ಶಾಟ್ ಹೇಗೆ ಆಡ್ತೀಯ?' ಅಂತಷ್ಟೇ ಕೇಳಿದರು.

ಆಟ ಗೊತ್ತಿದ್ದವರಿಗೆ ಆ ಪ್ರಶ್ನೆ ಎಷ್ಟು ದೊಡ್ಡದು ಅಂತ ಅರ್ಥ ಆಗುತ್ತೆ. ಬ್ಯಾಡ್ಮಿಂಟನ್‌ನಲ್ಲಿ ರಾಕೆಟ್ ಸಡಿಲವಾಗಿ ಹಿಡಿಯಬೇಕು, ಶಟಲ್ ತಾಗುವ ಕ್ಷಣಕ್ಕೆ ಮಾತ್ರ ಬಿಗಿ. ಹೊಡೆತದ ಜೋರೆಲ್ಲ ಆ ಚಿಮ್ಮಿನಲ್ಲಿದೆ. ಸಿಟ್ಟು ಬಂದಾಗ ಮೊದಲಿಂದಲೇ ಬಿಗಿ ಹಿಡಿದಿರುತ್ತೇವೆ. ಮಣಿಕಟ್ಟು ತಿರುಗಲ್ಲ, ನೆಟ್ ಅಂಚಿಗೇ ಮೆಲ್ಲಗೆ ದಾಟಬೇಕಾದ ನೆಟ್ ಶಾಟ್ ಒಂದಡಿ ಮೇಲೇಳುತ್ತೆ, ಎದುರಿನವರು ಮುಂದೆ ಬಂದು ಬಡಿಯುತ್ತಾರೆ. ಅದಕ್ಕೆ ಇನ್ನಷ್ಟು ಸಿಟ್ಟು. ಇನ್ನಷ್ಟು ಬಿಗಿ.

ಬೆಂಗಳೂರಿನಲ್ಲಿ ರಾಕೆಟ್ ಹಿಡಿದ ಮಕ್ಕಳಿಗೆಲ್ಲ ಒಂದು ಮಾತು ಕೇಳಿ ಗೊತ್ತು: ಪ್ರಕಾಶ್ ಪಡುಕೋಣೆ ಥರ ತಣ್ಣಗಿರಬೇಕು. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಹಾಲ್‌ನಲ್ಲಿ ಕಲಿತವರು, 1980ರ ಆಲ್ ಇಂಗ್ಲೆಂಡ್ ಟೂರ್ನಿಯ ಫೈನಲ್‌ನಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವಿ ಕಿಂಗ್ ಅವರನ್ನು 15-3, 15-10ರಲ್ಲಿ ಸೋಲಿಸಿದವರು. ನನಗೂ ಸಾವಿರ ಸಲ ಹೇಳಿದ್ದರು. ತಣ್ಣಗಿರೋದು ಹೇಗೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ನೆಟ್ ಮೇಲಿಂದ ಶಟಲ್ಲನ್ನು ಮೆಲ್ಲಗೆ ಜಾರಿಸುವ ಪ್ರಕಾಶ್ ಅವರ ಆಟ ಬಿಗಿಮುಷ್ಟಿಯಲ್ಲಿ ಬರುವಂಥದ್ದೇ ಅಲ್ಲ ಅನ್ನೋದು ನನಗೆ ಹೊಳೆದದ್ದು ಆ ಬಸ್ ಸ್ಟಾಪಿನಲ್ಲಿ.

ಮಾರನೇ ದಿನದಿಂದ ಮನಸ್ಸನ್ನು ಬಿಟ್ಟು ಬೆರಳನ್ನು ಹಿಡಿದುಕೊಂಡೆವು. ಪ್ರತಿ ರ್‍ಯಾಲಿ ಮುಗಿದ ತಕ್ಷಣ ರಾಕೆಟ್ ಎಡಗೈಗೆ. ಬಲಗೈ ಬೆರಳು ಐದೂ ಅಗಲಿಸಿ, ಅಂಗೈಯನ್ನು ಶಾರ್ಟ್ಸ್‌ಗೆ ಒರೆಸಿ, ಉದ್ದಕ್ಕೆ ಒಂದು ಉಸಿರು ಬಿಡುವುದು. ರಾಕೆಟ್ ಎಡಗೈಲಿ ಇರುವಷ್ಟು ಹೊತ್ತು ಅಂಪೈರ್ ಕಡೆ ನೋಡುವಂತಿಲ್ಲ, ಬಾಯಿ ಬಿಡುವಂತಿಲ್ಲ. ಇಷ್ಟೂ ಶಟಲ್ ಎತ್ತಿಕೊಂಡು ಬರುವುದರೊಳಗೆ ಮುಗಿಯಬೇಕು. ಟವೆಲ್‌ಗೆ ಹೋಗಬೇಕಾದರೆ ಅಂಪೈರ್ ಅನುಮತಿ ಬೇಕು, ತಡ ಮಾಡಿದರೆ ಅದಕ್ಕೂ ಕಾರ್ಡ್. ಯಾರಾದರೂ 11 ಪಾಯಿಂಟ್ ಮುಟ್ಟಿದಾಗ ಸಿಗುವ 60 ಸೆಕೆಂಡಿನ ಬಿಡುವಿನಲ್ಲಿ ಸರ್ ಮುಂದಿನ ಸರ್ವಿಸ್ ಎಲ್ಲಿಗೆ ಅನ್ನೋದು ಬಿಟ್ಟು ಬೇರೆ ಮಾತೇ ಎತ್ತುತ್ತಿರಲಿಲ್ಲ.

ಕಷ್ಟ ಆಗಿದ್ದು ಇನ್ನೊಂದು. ಪ್ರಾಕ್ಟೀಸಿನಲ್ಲಿ ಜೂನಿಯರ್ ಹುಡುಗರನ್ನು ಲೈನ್ ಹತ್ತಿರ ಕೂರಿಸಿ, ಒಳಗೆ ಬಿದ್ದದ್ದನ್ನೂ 'ಔಟ್' ಅನ್ನಿಸುತ್ತಿದ್ದರು. ಬೇಕಂತಲೇ ಅಂತ ಗೊತ್ತಿದ್ದೂ ಮೊದಲ ದಿನ ಅಳು ಬಂದು ಹೊರಗೆ ಟೀ ಅಂಗಡಿ ಬೆಂಚಿನ ಮೇಲೆ ಹೋಗಿ ಕೂತಿದ್ದೆ. ಕೈ ತಾನಾಗಿ ಬಿಚ್ಚೋಕೆ ಎಂಟು ತಿಂಗಳು ಹಿಡಿಯಿತು. ಇವತ್ತಿಗೂ ಸಿಟ್ಟು ಬರುತ್ತೆ. ಬರಲಿ, ಗೆಲ್ಲಬೇಕು ಅನ್ನುವವರಿಗೆ ಬರದೆ ಇನ್ಯಾರಿಗೆ ಬರಬೇಕು?

ಅನ್ಯಾಯ ಆದಾಗ ಸಹಿಸಿಕೊಳ್ಳಿ ಅಂತಲೂ ನಾನು ಹೇಳಲ್ಲ. 2022ರ ಏಷ್ಯಾ ಚಾಂಪಿಯನ್‌ಶಿಪ್, ಮನಿಲಾ, ಸೆಮಿಫೈನಲ್. ಜಪಾನಿನ ಯಮಗುಚಿ ಎದುರು ಮೊದಲ ಗೇಮ್ ಗೆದ್ದು, ಎರಡನೆಯದರಲ್ಲಿ 14-11 ಮುಂದಿದ್ದ ಪಿ.ವಿ. ಸಿಂಧುಗೆ ಸರ್ವಿಸ್ ತಡ ಮಾಡಿದಿರಿ ಅಂತ ಹೇಳಿ ಅಂಪೈರ್ ಯಮಗುಚಿಗೆ ಒಂದು ಪಾಯಿಂಟ್ ಕೊಟ್ಟರು. ಎದುರಾಳಿ ಇನ್ನೂ ರೆಡಿ ಇರಲಿಲ್ಲ ಅಂತ ಸಿಂಧು ವಾದಿಸಿದರು, ರೆಫರಿಯನ್ನೂ ಕೇಳಿದರು, ಕೇಳಲೇಬೇಕಿತ್ತು. ಆ ಗೇಮ್ 19-21, ಮುಂದಿನದು 16-21. ತಪ್ಪಾಯಿತು ಅಂತ ಏಷ್ಯಾದ ಬ್ಯಾಡ್ಮಿಂಟನ್ ಸಂಸ್ಥೆಯವರು ಸಿಂಧುವಿನ ಕ್ಷಮೆ ಕೇಳಿದ್ದು ಆಮೇಲೆ. ಫೈನಲ್ ಅಷ್ಟರಲ್ಲಿ ಬೇರೆಯವರು ಆಡಿ ಮುಗಿಸಿದ್ದರು. ಆ ಪಂದ್ಯ ನೋಡುವಾಗ ಟೀವಿ ಮುಂದೆ ನನ್ನ ಬಲಗೈಯೇ ಮುಷ್ಟಿ ಕಟ್ಟಿತ್ತು.

ಈಗ ಶೀಟ್ ಹಾಕಿದ ಒಂದು ಬಾಡಿಗೆ ಕೋರ್ಟಿನಲ್ಲಿ ನಾನೇ ಹೇಳಿಕೊಡುತ್ತೇನೆ, ಶನಿವಾರಕ್ಕೊಮ್ಮೆ ಸುಳ್ಳು ಕಾಲ್ ಕೂಡ ಕೊಡಿಸುತ್ತೇನೆ. ಹೋದ ವಾರ ಹನ್ನೆರಡು ವರ್ಷದ ಹುಡುಗಿಯೊಬ್ಬಳಿಗೆ ಸಾಲಾಗಿ ಮೂರು ಸಲ 'ಔಟ್' ಅನ್ನಿಸಿದೆ. ಮೂರನೆಯದಕ್ಕೆ ಕಣ್ಣು ತುಂಬಿಕೊಂಡು, ರಾಕೆಟ್ ಎಡಗೈಗೆ ತಗೊಂಡು, ಬೆರಳು ಬಿಚ್ಚಿ, 'ಅಕ್ಕಾ, ಅದು ಒಳಗೇ ಬಿತ್ತು' ಅಂದಳು. ಹೌದಮ್ಮ, ಒಳಗೇ ಬಿತ್ತು ಅಂದೆ. ಸರ್ವಿಸ್‌ಗೆ ನಿಂತಳು.