ಮಹಾವ್ಯಾಧನ ನಡುಪಟ್ಟಿಯಿಂದ ಶುರು ಮಾಡಿದೆ

ನಕ್ಷತ್ರಪುಂಜಗಳನ್ನು ಗುರುತಿಸಲು ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಎಲ್ಲವನ್ನೂ ಒಟ್ಟಿಗೆ ಹುಡುಕಬೇಡಿ. ಒಂದನ್ನು ಚೆನ್ನಾಗಿ ಕಲಿಯಿರಿ, ಉಳಿದವಕ್ಕೆ ಅದೇ ದಾರಿ ತೋರಿಸುತ್ತದೆ. ನಾನು ಮಹಾವ್ಯಾಧನನ್ನು ಹಿಡಿದುಕೊಂಡೆ, ಅಂದರೆ ಒರಾಯನ್.

ಡಿಸೆಂಬರ್ ಮೊದಲ ವಾರ, ರಾತ್ರಿ ಎಂಟೂವರೆಗೆ ಮನೆಯ ತಾರಸಿ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಿದ್ದೆ. ಸಮ ಅಂತರದಲ್ಲಿ ಸಾಲಾಗಿ ಮೂರು ನಕ್ಷತ್ರ. ಬೆಂಗಳೂರಿನ ಬೆಳಕಿನಲ್ಲೂ ಕಾಣುತ್ತವೆ. ಅದೇ ಬೇಟೆಗಾರನ ನಡುಪಟ್ಟಿ. ಪುಸ್ತಕದ ಚಿತ್ರಗಳಲ್ಲಿ ಅವನು ನೆಟ್ಟಗೆ ನಿಂತಿರುತ್ತಾನೆ, ಪಟ್ಟಿ ಅಡ್ಡಕ್ಕಿರುತ್ತದೆ. ನಮ್ಮ ಕಡೆ ಅವನು ಹುಟ್ಟುವುದು ಮಲಗಿಕೊಂಡೇ. ಹಾಗಾಗಿ ಆ ಮೂರೂ ಒಂದರ ಮೇಲೊಂದು ಇರುತ್ತವೆ. ಎಡಕ್ಕೆ ಕೆಂಪಗೆ ಕಾಣುವುದು ಆರ್ದ್ರಾ, ಬಲಕ್ಕೆ ನೀಲಿ ಬಿಳುಪಿನ ರೈಜೆಲ್. ಎರಡರ ಬಣ್ಣವನ್ನೂ ನಿಧಾನವಾಗಿ ಹೋಲಿಸಿ ನೋಡಿ, ಬರಿಗಣ್ಣಿಗೇ ವ್ಯತ್ಯಾಸ ತಿಳಿಯುತ್ತದೆ.

ಪಟ್ಟಿಯ ಗೆರೆಯನ್ನು ಮನಸ್ಸಿನಲ್ಲೇ ಮೇಲಕ್ಕೆ ಎಳೆದರೆ ಕಿತ್ತಳೆ ಬಣ್ಣದ ರೋಹಿಣಿ, ಇನ್ನೂ ಮೇಲೆ ಕೃತ್ತಿಕೆಯ ಗೊಂಚಲು. ಒಂದು ಗಂಟೆ ಕಾದರೆ ಅದೇ ಗೆರೆಯ ಕೆಳತುದಿಯಲ್ಲಿ ಲುಬ್ಧಕ ಮೇಲೇರುತ್ತದೆ. ರಾತ್ರಿ ಕಾಣುವ ನಕ್ಷತ್ರಗಳಲ್ಲಿ ಅದಕ್ಕಿಂತ ಜಾಸ್ತಿ ಹೊಳೆಯುವುದು ಇನ್ನೊಂದಿಲ್ಲ.

ರೋಹಿಣಿ, ಮೃಗಶಿರಾ, ಆರಿದ್ರ ಅಂದರೆ ನಮ್ಮ ರೈತರಿಗೆ ಮಳೆಯ ಹೆಸರುಗಳು ಅಲ್ವಾ? ಆರಿದ್ರ ಮಳೆ ಹುಟ್ಟುವುದು ಜೂನ್ 22ರ ಸುಮಾರಿಗೆ. ಆಗ ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲೇ ಇರುತ್ತಾನೆ. ಮೋಡ ಇಲ್ಲದಿದ್ದರೂ ಆ ದಿನಗಳಲ್ಲಿ ಆರ್ದ್ರಾ ನಮಗೆ ಕಾಣುವುದಿಲ್ಲ. ಮಳೆಯ ಲೆಕ್ಕ ಆಕಾಶದ್ದೇ ಎಂದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು.

ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಬೇಗ ಹುಟ್ಟುತ್ತವೆ, ತಿಂಗಳಿಗೆ ಎರಡು ಗಂಟೆ. ಮೇ ಹೊತ್ತಿಗೆ ಮಹಾವ್ಯಾಧ ಪಶ್ಚಿಮದಲ್ಲಿ ಮುಳುಗುತ್ತಿದ್ದಂತೆ ಆಗ್ನೇಯದಲ್ಲಿ ವೃಶ್ಚಿಕ ಏಳುತ್ತದೆ. ಬಾಗಿದ ಬಾಲ, ನಡುವೆ ಕೆಂಪು ಜ್ಯೇಷ್ಠಾ. ಹೆಸರಿಗೆ ತಕ್ಕ ಆಕಾರ ಇದಕ್ಕಿರುವಷ್ಟು ಬೇರೆ ಯಾವುದಕ್ಕೂ ಇಲ್ಲ ಅನಿಸುತ್ತದೆ.

ಎತ್ತರ ಅಳೆಯಲು ಮುಷ್ಟಿ ಸಾಕು. ಕೈ ಪೂರ್ತಿ ಚಾಚಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಡಿಗ್ರಿ. ಫೆಬ್ರವರಿ ನಡುವೆ ರಾತ್ರಿ ಒಂಬತ್ತಕ್ಕೆ ದಕ್ಷಿಣಕ್ಕೆ ತಿರುಗಿ. ಲುಬ್ಧಕದ ಕೆಳಗೆ, ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ ಅಗಸ್ತ್ಯ ಇರುತ್ತದೆ. ಹೊಳಪಿನಲ್ಲಿ ಲುಬ್ಧಕದ ನಂತರ ಇದೇ. ಲಂಡನ್ನಿನವರಿಗೆ ಇದು ಕಾಣುವುದೇ ಇಲ್ಲ. ದಕ್ಷಿಣಕ್ಕೆ ಕಟ್ಟಡ, ಮರ ಅಡ್ಡ ಬಾರದ ಜಾಗ ನೋಡಿಕೊಳ್ಳಿ.